ತೂಕದ ಯಂತ್ರವೂ ದರ್ಜಿ ಟೇಪೂ

ಬೆಳಿಗ್ಗೆ ಏಳೂವರೆಗೆ ಆಸ್ಪತ್ರೆಗೆ ಹೋದೊಡನೆ ನನ್ನ ಮೊದಲ ಕೆಲಸ, ತೂಕದ ಯಂತ್ರ ಸೊನ್ನೆ ತೋರಿಸುತ್ತಿದೆಯೇ ಎಂದು ನೋಡುವುದು. ಎರಡನೆಯದು, ಗೋಡೆ ಗಡಿಯಾರಕ್ಕೂ ನನ್ನ ಕೈಗಡಿಯಾರಕ್ಕೂ ತಾಳೆ ನೋಡುವುದು. ಮೂರನೆಯದು, ಇವೆರಡನ್ನೂ ಆಗಲೇ ನೋಡಿ ಮುಗಿಸಿರುತ್ತಿದ್ದ ಸಿಸ್ಟರ್ ರೋಸಮ್ಮನವರಿಂದ "ನನ್ನ ಮೇಲೆ ನಂಬಿಕೆ ಇಲ್ವಾ ಡಾಕ್ಟ್ರೇ?" ಎನ್ನಿಸಿಕೊಳ್ಳುವುದು. ದೊಡ್ಡಬಳ್ಳಾಪುರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಸರ್ಜನ್ ಆಗಿ ನಾನು ಕಳೆದ ಇಪ್ಪತ್ತೆಂಟು ವರ್ಷಗಳ ಪ್ರತಿ ದಿನವೂ ಹೀಗೇ ಶುರುವಾಯಿತು. ಇದನ್ನು ಮೊದಲೇ ಹೇಳಲು ಕಾರಣವಿದೆ. ನಾನು ಕ್ರಮದ ಮನುಷ್ಯ. ವೃತ್ತಿಯಲ್ಲಿ ನಾನು ಮಾಡಿದ ಅತಿ ದೊಡ್ಡ ಪೆದ್ದುತನ ಆ ಕ್ರಮದೊಳಗಿಂದಲೇ ಎದ್ದು ಬಂತು.

ಹೊಟ್ಟೆಯ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಹೊಸದಾಗಿ ಇಳಿಯುವ ಯುವ ಡಾಕ್ಟರುಗಳು ಈಗಲೂ ಮನೆಗೆ ಬಂದು, "ಸಾರ್, ನೀವು ಯಾವ ಟೆಕ್ನಿಕ್ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಟೆಕ್ನಿಕ್ಕೆಲ್ಲ ಅವರ ಫೋನಿನಲ್ಲೇ ವಿಡಿಯೋ ಆಗಿ ಇದೆ. ಆ ವಿಡಿಯೋಗಳಲ್ಲಿ ರೋಗಿ ಆಗಲೇ ಟೇಬಲ್ ಮೇಲೆ ಮಲಗಿ ನಿದ್ದೆ ಹೋಗಿರುತ್ತಾನೆ. ನನ್ನ ಕಷ್ಟಗಳೆಲ್ಲ ರೋಗಿ ಎಚ್ಚರವಾಗಿದ್ದಾಗ ನಡೆದವು. ಅದನ್ನು ಬರೆಯುತ್ತೇನೆ.

ಮೊದಲು ಕಾಯಿಲೆ ಏನು ಎಂದು ಎರಡು ಮಾತು. ಹೊಟ್ಟೆಯ ಆಪರೇಷನ್ ಆದ ಜಾಗದಲ್ಲಿ ಕೆಲವರಿಗೆ ಒಳಗಿನ ಹೊಲಿಗೆ ನಿಧಾನವಾಗಿ ಬಿಟ್ಟುಕೊಳ್ಳುತ್ತದೆ. ಚರ್ಮ ಕೂಡಿರುತ್ತದೆ, ಅದರ ಕೆಳಗಿನ ಸ್ನಾಯುವಿನ ಗೋಡೆ ಬಿರುಕು ಬಿಟ್ಟಿರುತ್ತದೆ. ಆ ಬಿರುಕಿನಿಂದ ಕರುಳು ಚರ್ಮದಡಿಗೆ ಬಂದು ಉಬ್ಬುತ್ತದೆ. ಚಿಕ್ಕದಾದರೆ ಚಿಂತೆಯಿಲ್ಲ. ಆದರೆ ವರ್ಷಗಟ್ಟಲೆ ಬಿಟ್ಟವರಲ್ಲಿ ಅರ್ಧ ಕರುಳು ಹೊರಗೇ ಸಂಸಾರ ಹೂಡಿರುತ್ತದೆ. ಅದನ್ನು ಮರಳಿ ಒಳಗೆ ಕಳಿಸೋಣವೆಂದರೆ ಒಳಗಿನ ಜಾಗವನ್ನು ಕೊಬ್ಬು ಹಿಡಿದು ಕೂತಿರುತ್ತದೆ. ಬಲವಂತವಾಗಿ ತುರುಕಿದರೆ ಅದು ಮೇಲಕ್ಕೆ ಒತ್ತಿ ಶ್ವಾಸಕೋಶಕ್ಕೆ ಉಸಿರಾಡಲು ಎಡೆಯಿಲ್ಲದಂತೆ ಮಾಡುತ್ತದೆ. ಆಪರೇಷನ್ ಚೆನ್ನಾಗಿ ಆಯಿತು, ರೋಗಿ ಉಳಿಯಲಿಲ್ಲ ಎನ್ನುವ ಮಾತು ಇಂಥಲ್ಲೇ ಹುಟ್ಟುವುದು.

ನನಗೆ ಕಲಿಸಿದ ಪ್ರೊಫೆಸರು ಇಂಥ ಹೊಟ್ಟೆಯನ್ನು ಮುಚ್ಚುತ್ತಿದ್ದ ರೀತಿ ನಿಮಗೆ ಯಾವ ವಿಡಿಯೋದಲ್ಲೂ ಸಿಗುವುದಿಲ್ಲ. ಮಾಸ್ಕ್ ಕಟ್ಟಿದ ಮೇಲೆ ಅವರ ಬಾಯಲ್ಲಿ ಎರಡೇ ಮಾತು: "ತಳ್ಳು", "ಕಟ್ಟು". ಬಲಕ್ಕೊಬ್ಬ, ಎಡಕ್ಕೊಬ್ಬ ಹೌಸ್ ಸರ್ಜನ್ ನಿಂತು ರೋಗಿಯ ಎರಡೂ ಪಕ್ಕೆಗಳನ್ನು ಅಂಗೈಯಿಂದ ಒಳಕ್ಕೆ ತಳ್ಳಬೇಕು. ಮದುವೆಗೆ ಹೊರಟ ಮನೆಯವರು ತುಂಬಿದ ಹೋಲ್ಡಾಲಿನ ಮೇಲೆ ಮೊಣಕಾಲೂರಿ ಪಟ್ಟಿ ಬಿಗಿಯುವುದನ್ನು ನೋಡಿದವರಿಗೆ ಚಿತ್ರ ಸಿಕ್ಕೀತು. ನಾವು ತಳ್ಳುತ್ತಿದ್ದೆವು, ಅವರು ದಪ್ಪ ನೈಲಾನ್ ದಾರದಲ್ಲಿ ದೊಡ್ಡ ದೊಡ್ಡ ಕಚ್ಚು ಹಾಕಿ ಜಗ್ಗಿ ಕಟ್ಟುತ್ತಿದ್ದರು. ಆಮೇಲೆ ಕೈ ತೊಳೆಯುತ್ತ, "ಇನ್ನು ಇದು ಅಲ್ಲಾಡಲ್ಲ" ಎನ್ನುತ್ತಿದ್ದರು. ವರ್ಷದೊಳಗೆ ಅಲ್ಲಾಡುತ್ತಿತ್ತು. ಬಿಗಿದ ದಾರ ಮಾಂಸವನ್ನು ಕೊಯ್ದುಕೊಂಡು ಹೊರಬರುತ್ತಿತ್ತು. ರೋಗಿ ಮರಳಿ ಬಂದರೆ ಪ್ರೊಫೆಸರು ಅವನನ್ನೇ ಗದರುತ್ತಿದ್ದರು: "ಕೆಮ್ಮಿದ್ಯಾ? ಕೆಮ್ಮಬೇಡ ಅಂದಿದ್ನಲ್ಲ!"

ಅವರ ಶಿಷ್ಯನಾದ ನಾನೂ ಎಷ್ಟೋ ವರ್ಷ ಜಗ್ಗಿ ಕಟ್ಟಿದವನೇ. ಹಾಗೆ ಕಟ್ಟಿದ ಒಂದು ಹೊಟ್ಟೆ ಹನ್ನೊಂದು ವರ್ಷದ ನಂತರ ನನ್ನನ್ನು ಹುಡುಕಿಕೊಂಡು ಬಂತು. ಅದೇ ಈ ಕಥೆ. ಅಷ್ಟು ಹೊತ್ತಿಗೆ ನಾನು ಜಗ್ಗುವುದನ್ನು ಬಿಟ್ಟು ಬಿರುಕಿಗೆ ತೇಪೆಯಂತೆ ಪ್ಲಾಸ್ಟಿಕ್ ಎಳೆಯ ಜಾಲರಿ ಹಾಕುವುದನ್ನು ಕಲಿತಿದ್ದೆ, ಜಾಲರಿಯನ್ನು ಸ್ನಾಯುವಿನ ಮೇಲೆ ಹೊದಿಸುವುದನ್ನು ಬಿಟ್ಟು ಹಿಂದೆ ಹಾಸುವುದನ್ನು ಕಲಿತಿದ್ದೆ, ಎಲ್ಲಕ್ಕಿಂತ ಮುಖ್ಯವಾಗಿ ಯಾರಿಗೆ ಆಪರೇಷನ್ ಮಾಡಬೇಕು, ಯಾರಿಗೆ ಬೇಡ ಎಂದು ಆರಿಸುವುದನ್ನು ಕಲಿತಿದ್ದೆ. ಕಲಿತಿದ್ದೆ ಎಂದು ಅಂದುಕೊಂಡಿದ್ದೆ.

ಆರಿಸುವುದಕ್ಕೆ ನಾನೊಂದು ಬೋರ್ಡು ಬರೆಸಿದ್ದೆ. ದೊಡ್ಡ ಹರ್ನಿಯಾದವರಿಗೆ ಐದು ಷರತ್ತು. ಬೀಡಿ ಸಿಗರೇಟು ಬಿಟ್ಟಿರಬೇಕು. ಸಕ್ಕರೆ ಕಾಯಿಲೆ ಹಿಡಿತದಲ್ಲಿರಬೇಕು. ತೂಕ ಇಳಿಸಿರಬೇಕು. ಕೆಮ್ಮು ಇರಬಾರದು. ಚರ್ಮದ ಮೇಲೆ ಹುಣ್ಣಿರಬಾರದು. ಬೆಂಚಿನ ಮೇಲೆ ಕೂತವರು ಇದನ್ನು "ಐದು ಬಾಗ್ಲು" ಎಂದು ಕರೆಯುತ್ತಿದ್ದರು. ಪ್ರತಿ ಬುಧವಾರ ಹರ್ನಿಯಾ ದಿನ. ಮೊದಲ ಬುಧವಾರ ಷರತ್ತು ಹೇಳುವುದು, ಎರಡನೆಯ ಬುಧವಾರದಿಂದ ತೂಕ. ಮೊದಲು ತೂಕ, ಆಮೇಲೆ ಮೂತ್ರಕ್ಕೆ ಹೋಗಿ ಬರುವುದು, ಆಮೇಲೆ ಪರದೆಯ ಹಿಂದೆ ಪರೀಕ್ಷೆ, ಹೊಟ್ಟೆಯ ಸುತ್ತಳತೆ. ಸುತ್ತಳತೆಗೆ ಮಾರ್ಕೆಟ್ಟಿನಿಂದ ತಂದ ಹಳದಿ ದರ್ಜಿ ಟೇಪು. ಎಲ್ಲವನ್ನೂ ನಾನೇ ಕೆಂಪು ಗೆರೆಯ ಪುಸ್ತಕದಲ್ಲಿ ಬರೆಯುತ್ತಿದ್ದೆ. ಒಂದು ಬುಧವಾರವೂ ಈ ಕ್ರಮ ತಪ್ಪಿದ್ದಿಲ್ಲ.

ಬೇಡ ಎನ್ನುವುದೂ ಆರಿಸುವ ಕೆಲಸವೇ. ನೆಲಮಂಗಲದ ಕಡೆಯಿಂದ ಒಬ್ಬ ಎಂಬತ್ತು ದಾಟಿದ ತಾತನನ್ನು ಮಗ ಸೊಸೆ ಕಾರಿನಲ್ಲಿ ಕರೆತಂದರು. ಕುಂಬಳಕಾಯಿ ಗಾತ್ರದ ಹರ್ನಿಯಾ, ಅಗಲವಾದ ಬಾಯಿ, ಕರುಳು ಆರಾಮಾಗಿ ಒಳಗೂ ಹೊರಗೂ ಓಡಾಡುತ್ತಿತ್ತು. ತಾತ ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ನೆಮ್ಮದಿಯಾಗಿ ಕೂತಿದ್ದ. "ನಿಮಗೇನು ತೊಂದ್ರೆ ಕೊಡುತ್ತೆ ತಾತ?" ಎಂದೆ. "ಇದು ಇಪ್ಪತ್ತು ವರ್ಷದಿಂದ ಏನೂ ತೊಂದ್ರೆ ಕೊಟ್ಟಿಲ್ಲ ಕಣಪ್ಪ. ತೊಂದ್ರೆ ಕೊಡೋರು ಇಬ್ರೂ ಇಲ್ಲೇ ನಿಂತವ್ರೆ ನೋಡು," ಎಂದ. ಒಂದು ಬೆಲ್ಟು ಬರೆದುಕೊಟ್ಟು, ಉಬ್ಬು ಗಟ್ಟಿಯಾಗಿ ನೋವೋ ವಾಂತಿಯೋ ಬಂದರೆ ಮಾತ್ರ ತಕ್ಷಣ ಬನ್ನಿ ಎಂದು ಕಳಿಸಿದೆ. ನಾನು ಮಾಡದೆ ಬಿಟ್ಟ ಆಪರೇಷನ್ನುಗಳಲ್ಲಿ ಅದು ನನ್ನ ಅಚ್ಚುಮೆಚ್ಚಿನದು.

ಪುಟ್ಟಲಕ್ಷ್ಮಮ್ಮ ಬಂದದ್ದು ಇಂಥದೇ ಒಂದು ಬುಧವಾರ. ದೇವನಹಳ್ಳಿಯಾಚೆಯ ವಿಜಯಪುರದವರು, ಐವತ್ತನಾಲ್ಕು ವರ್ಷ, ರೇಷ್ಮೆ ನೂಲು ತೆಗೆಯುವ ಕೆಲಸ. ಬಾಗಿಲಲ್ಲಿ ಮೊದಲು ಹೊಟ್ಟೆ ಬಂತು, ಒಂದು ಕ್ಷಣ ಬಿಟ್ಟು ಅವರು ಬಂದರು. ಕೂತವರೇ, "ಗುರ್ತು ಸಿಕ್ತಾ ಸಾರ್?" ಎಂದರು.

ಸಿಗಲಿಲ್ಲ.

"ನನ್ ಮುಖ ಗುರ್ತು ಸಿಗದಿದ್ರೆ ಹೋಗ್ಲಿ, ನಿಮ್ ಹೊಲಿಗೆ ಗುರ್ತು ಸಿಗ್ಬೇಕಲ್ಲ," ಎಂದು ಹಳೆಯ ಚೀಟಿ ಮುಂದಿಟ್ಟರು. ಗರ್ಭಕೋಶ ತೆಗೆದ ಮೇಲೆ ಬಂದ ಹರ್ನಿಯಾವನ್ನು ಹನ್ನೊಂದು ವರ್ಷದ ಕೆಳಗೆ ನಾನೇ ಜಗ್ಗಿ ಕಟ್ಟಿದ್ದೆ. "ಬಿಟ್ಕೊಳ್ತು. ಬೇರೆ ಕಡೆ ಹೋಗೋದಾ ಅಂತ ಯೋಚ್ನೆ ಮಾಡ್ದೆ. ಆಮೇಲೆ, ಹೊಲ್ದ ಟೈಲರ್ರೇ ಬಿಚ್ಚಿ ಹೊಲೀಲಿ ಅಂತ ಬಂದೆ."

ಅವರಿಗೆ ಬೇಕಾದದ್ದು ಏನೆಂದು ಅವರು ಮೊದಲ ದಿನವೇ ಸ್ಪಷ್ಟವಾಗಿ ಹೇಳಿದರು. ನೂಲು ತೆಗೆಯುವವರು ಬಿಸಿನೀರಿನ ಬೇಸಿನ್ ಮುಂದೆ ಕೂತು, ಅದರಲ್ಲಿ ಕುದಿಸಿದ ಗೂಡುಗಳಿಂದ ಕಣ್ಣಿಗೆ ಕಾಣದಂಥ ಎಳೆಯ ತುದಿಯನ್ನು ಬೆರಳಿನಲ್ಲಿ ಹಿಡಿದು ರಾಟೆಗೆ ಕೊಡಬೇಕು. ಪುಟ್ಟಲಕ್ಷ್ಮಮ್ಮ ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿದವರು. ಈಗ ಅವರಿಗೂ ಬೇಸಿನ್ನಿಗೂ ನಡುವೆ ಹೊಟ್ಟೆ. ಕೈ ಎಟುಕುವುದಿಲ್ಲ. ಮುಂದಕ್ಕೆ ಬಾಗಿದರೆ ಹಬೆ ಉಬ್ಬಿನ ತೆಳು ಚರ್ಮಕ್ಕೆ ಬಡಿದು ಬೊಬ್ಬೆ. ಮಾಲೀಕರು ಅವರನ್ನು ಗೂಡು ಆರಿಸಲು ಕೂರಿಸಿದ್ದರು. "ಆರಿಸೋ ಕೆಲ್ಸ ಕಣ್ಣಿದ್ದೋರೆಲ್ಲ ಮಾಡ್ತಾರೆ ಸಾರ್. ನನ್ ಬೆರಳಿಗೆ ಕೆಲ್ಸ ಬೇಕು. ಬೇಸಿನ್ ಮುಂದೆ ಕೂರ್ಸಿ, ಅಷ್ಟೇ."

ಅಷ್ಟೇ! ಸ್ಕ್ಯಾನಿನಲ್ಲಿ ಬಿರುಕು ನನ್ನ ಅಂಗೈಗಿಂತ ಅಗಲವಿತ್ತು. ಈ ಸ್ಥಿತಿಯಲ್ಲಿ ಒಳಗೆ ತುರುಕಿದರೆ ಉಸಿರಿಗೇ ಸಂಚಕಾರ. ಐದು ಬಾಗಿಲಲ್ಲಿ ನಾಲ್ಕು ತೆರೆದಿದ್ದವು, ತೂಕದ್ದು ಮಾತ್ರ ಮುಚ್ಚಿತ್ತು. ಎಂಟು ಕಿಲೋ ಇಳಿಸಿ ಎಂದೆ. "ಎಂಟಾ?" ಎಂದು ಸೂರು ನೋಡಿದರು. "ಆಯ್ತು ಬಿಡಿ. ಬರೋ ಬುಧವಾರ ತೂಕ ಹಾಕ್ತೀರಲ್ಲ, ಅಲ್ಲಿಂದ ತಾನೇ ಲೆಕ್ಕ?" "ಅಲ್ಲಿಂದಲೇ," ಎಂದೆ. ಇಂಥ ಪ್ರಶ್ನೆ ಕೇಳುವವರ ಬಗ್ಗೆ ಎಚ್ಚರವಾಗಿರಿ ಎಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಮುಂದಿನ ಬುಧವಾರ ತೂಕವಾಯಿತು. ಹೊಟ್ಟೆಗೆ ಹಳೆಯ ಹತ್ತಿ ಸೀರೆಯನ್ನು ಸುತ್ತು ಸುತ್ತಾಗಿ ಬಿಗಿದುಕೊಂಡು ಬಂದಿದ್ದರು. ಹರ್ನಿಯಾದವರೆಲ್ಲ ಹಾಗೆ ಕಟ್ಟಿಕೊಳ್ಳುತ್ತಾರೆ, ತಪ್ಪೇನಿಲ್ಲ. ಒಂದು ತಿಂಗಳು ಬಿಟ್ಟು ನೋಡಿದರೆ ಎರಡು ಕಿಲೋ ಇಳಿದಿತ್ತು. ಎರಡನೆಯ ತಿಂಗಳು ಇನ್ನೆರಡು. ಮೂರನೆಯ ತಿಂಗಳು ಮತ್ತೆರಡು. ನಾನು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ಸ್ಕೇಲ್ ಹಿಡಿದರೆ ಗೆರೆ ಎಲ್ಲ ಚುಕ್ಕಿಗಳ ಮೇಲೂ ಹಾದುಹೋಯಿತು. ನನ್ನ ವೃತ್ತಿಯಲ್ಲಿ ಅಷ್ಟು ನೇರ ಗೆರೆ ನಾನು ಕಂಡಿರಲಿಲ್ಲ. ನಾಲ್ಕನೆಯ ತಿಂಗಳು ಎಂಟು ಕಿಲೋ ಪೂರ್ತಿಯಾದಾಗ ಆ ಗ್ರಾಫನ್ನು ಬೆಂಚಿನ ಎದುರಿನ ಗೋಡೆಗೆ ಅಂಟಿಸಿ ಒಂದು ಚಿಕ್ಕ ಭಾಷಣವನ್ನೇ ಮಾಡಿದೆ. "ನೋಡಿ, ಮನಸ್ಸು ಮಾಡಿದ್ರೆ ಹೀಗೆ. ಶಿಸ್ತು ಅಂದ್ರೆ ಇದು." ಪುಟ್ಟಲಕ್ಷ್ಮಮ್ಮ ತಲೆ ತಗ್ಗಿಸಿ ಕೂತಿದ್ದರು. ವಿನಯ ಎಂದುಕೊಂಡೆ. ಬೆಂಚಿನ ಮೇಲಿದ್ದವರೆಲ್ಲ ಅವರನ್ನು ಗೌರವದಿಂದ ನೋಡುತ್ತಿದ್ದರು. ಆ ಗೌರವಕ್ಕೆ ಬೇರೆ ಕಾರಣವಿತ್ತೆಂದು ಆಮೇಲೆ ತಿಳಿಯಿತು.

ಅಂದೇ ಆಪರೇಷನ್ ದಿನವೂ ಗೊತ್ತಾಯಿತು: ಎರಡು ವಾರ ಬಿಟ್ಟು ಶುಕ್ರವಾರ. ಅದಕ್ಕೆ ಎರಡು ದಿನ ಮುಂಚೆ, ಬುಧವಾರ, ಬಂದು ವಾರ್ಡಿಗೆ ಸೇರಬೇಕು.

ಆ ಬುಧವಾರ ಪುಟ್ಟಲಕ್ಷ್ಮಮ್ಮ ಚೀಲ ಹಿಡಿದು ಬಂದು ಬೆಂಚಿನ ಮೇಲೆ ಕೂತಿದ್ದರು. ಅವರಿಗಿಂತ ಮುಂದಿನ ಸರದಿ ವೆಂಕಟೇಶಪ್ಪನದು. ಈತ ಊರಿನವನೇ, ಪವರ್‌ಲೂಮ್ ನೇಕಾರ. ಹಿಂದಿನ ವಾರವಷ್ಟೇ ಮೊದಲ ಸಲ ಬಂದಾಗ ಈತನಿಗೂ ಎಂಟು ಕಿಲೋ ಎಂದಿದ್ದೆ. ಬೀಡಿಯ ಬಗ್ಗೆ ಕೇಳಿದ್ದಕ್ಕೆ, "ಬೀಡಿ ಬಿಟ್ಟು ಎಷ್ಟೋ ದಿನ ಆಯ್ತು ಸಾರ್, ಈಗ ಸಿಗರೇಟು ಮಾತ್ರ," ಎಂದಿದ್ದ. ಜಾಲರಿಯ ತುಂಡನ್ನು ಕೈಗೆ ಕೊಟ್ಟು ತೋರಿಸಿದಾಗ ಬೆಳಕಿಗೆ ಹಿಡಿದು ನೋಡಿ, "ಇದ್ಯಾವ ಮಗ್ಗ ಸಾರ್? ಹಾಸೂ ಇಲ್ಲ, ಹೊಕ್ಕೂ ಇಲ್ಲ, ಸೊಳ್ಳೆ ಪರ್ದೆ ಇದ್ದಂಗೈತೆ," ಎಂದ. ಮರುಕ್ಷಣವೇ, "ತೂತು ಎಷ್ಟಗಲ ಐತೋ ಅಷ್ಟೇ ಅಗಲ ತೇಪೆ ಹಾಕ್ಬೇಡಿ ಮತ್ತೆ. ಅಂಚು ಬಿಡುತ್ತೆ. ಗಟ್ಟಿ ಬಟ್ಟೆ ಸಿಗೋವರ್ಗೂ ಹೋಗ್ಬೇಕು," ಎಂದು ಸೇರಿಸಿದ. ಹರ್ನಿಯಾದ ಜಾಲರಿಯ ಬಗ್ಗೆ ನಾನು ಯುವಕರಿಗೆ ಹೇಳಬೇಕಾದ ಮಾತೂ ಅದಕ್ಕಿಂತ ಹೆಚ್ಚೇನಿಲ್ಲ.

ಆ ವೆಂಕಟೇಶಪ್ಪ ಮೊದಲ ತೂಕಕ್ಕೆಂದು ಯಂತ್ರ ಹತ್ತಿದ. ಹತ್ತುವಾಗ ಒಂದು ಥರ ಸೆಟೆದುಕೊಂಡು, ಪಂಚೆಯ ಮೇಲೆ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ಕೈ ಬಿಡಿ," ಎಂದೆ. "ಬಿಡ್ಬೇಕಾ ಸಾರ್?" ಎಂದ. "ಬಿಡಲೇಬೇಕು, ತೂಕ ಸರಿಯಾಗಿ ಬರಬೇಕಲ್ಲ." ಬಿಟ್ಟ.

ಎರಡು ಕಿಲೋದ ಕಬ್ಬಿಣದ ತೂಕದ ಬಟ್ಟು ಪಂಚೆಯೊಳಗಿಂದ ಜಾರಿ, ಯಂತ್ರದ ಅಂಚಿಗೆ ಬಡಿದು, ಚಪ್ಪಲಿಯಲ್ಲಿದ್ದ ನನ್ನ ಬಲಗಾಲಿನ ಹೆಬ್ಬೆರಳ ಮೇಲೆ ಬಿತ್ತು. ನಾನು ಏನು ಕೂಗಿದೆನೋ ನೆನಪಿಲ್ಲ. ಅಂಥ ಮಾತು ನನಗೆ ಬರುತ್ತದೆಂದು ಅಂದುಕೊಂಡಿರಲಿಲ್ಲವೆಂದು ರೋಸಮ್ಮ ಆಮೇಲೆ ಹೇಳಿದರು.

"ಏನಪ್ಪಾ ಇದು?"

"ಬಟ್ಟು ಸಾರ್."

"ಅದು ಕಾಣುತ್ತೆ. ಯಾಕೆ?"

"ಎಂಟು ಕಿಲೋ ಇಳಿಸ್ಬೇಕಂದ್ರಲ್ಲ ಸಾರ್. ಮೊದ್ಲು ಏರ್ಸ್ಕೊಂಡ್ರೆ ತಾನೇ ಇಳ್ಸೋದು?"

ಉಳಿದ ಮೂರನ್ನೂ ಆತ ಸೊಂಟದ ಪಟ್ಟಿಯಿಂದ ಒಂದೊಂದಾಗಿ ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟ. ನಾಲ್ಕು ಬಟ್ಟು, ಒಂದೊಂದೂ ಎರಡು ಕಿಲೋ. ಹಿಂದೆ ಗೂಡು ತೂಗಲು ಬಳಸುತ್ತಿದ್ದಂಥವು. "ಎಲ್ಲಿ ಸಿಕ್ಕಿದವು?" ಎಂದೆ. "ಈಗ್ತಾನೆ ಬೆಂಚಲ್ಲಿ ವಿಜಯಪುರದ್ ಅಕ್ಕ ಕೊಟ್ರು. ಅವ್ರದ್ದು ಕೋರ್ಸ್ ಮುಗೀತಲ್ಲ," ಎಂದ ಆತ ಬಹಳ ಪ್ರಾಮಾಣಿಕವಾಗಿ.

ನಾನು ತಿರುಗಿ ನೋಡಿದೆ. ವಿಜಯಪುರದ ಅಕ್ಕ ಬೆಂಚಿನ ಮೇಲೆ ತಮ್ಮ ಚೀಲದ ಹಿಡಿಯನ್ನು ತಿರುವುತ್ತಿದ್ದರು. ಗೋಡೆಯ ಮೇಲೆ ಗ್ರಾಫ್ ಇತ್ತು. ತಿಂಗಳಿಗೊಂದು ಬಟ್ಟು, ತಿಂಗಳಿಗೆ ಎರಡು ಕಿಲೋ. ಮೊದಲು ತೂಕ, ಆಮೇಲೆ ಮೂತ್ರಕ್ಕೆ, ಆಮೇಲೆ ಪರೀಕ್ಷೆ ಎಂಬ ನನ್ನ ಕ್ರಮವೇ ಬಟ್ಟುಗಳನ್ನು ಬಚ್ಚಲಲ್ಲಿ ಚೀಲಕ್ಕೆ ಇಳಿಸಲು ಅವರಿಗೆ ಬಿಡುವು ಕೊಟ್ಟಿತ್ತು.

ರೋಸಮ್ಮ ಕೆಂಪು ಗೆರೆಯ ಪುಸ್ತಕ ತೆರೆದು ನನ್ನ ಮುಂದೆ ಹಿಡಿದರು. ತೂಕದ ಕಾಲಂ ಪಕ್ಕದಲ್ಲೇ ಸುತ್ತಳತೆಯ ಕಾಲಂ. ನಾಲ್ಕು ತಿಂಗಳೂ ಒಂದೇ ಅಂಕಿ. ಎಂಟು ಕಿಲೋ ಹೋದ ಹೆಂಗಸಿನ ಹೊಟ್ಟೆ ಒಂದು ಬೆರಳೂ ಇಳಿದಿರಲಿಲ್ಲ. ಅದನ್ನು ಬರೆದವನು ನಾನೇ, ದುಂಡಗಿನ ಅಕ್ಷರದಲ್ಲಿ, ಪ್ರತಿ ತಿಂಗಳೂ. ಬರೆದೆ, ಓದಲಿಲ್ಲ. ಎರಡು ದಿನ ತಡವಾಗಿ ಆ ಬಟ್ಟು ಬಿದ್ದಿದ್ದರೆ, ಸಿದ್ಧವಾಗದ ಆ ಹೊಟ್ಟೆಗೆ ನಾನು ಕರುಳನ್ನು ತುರುಕುತ್ತಿದ್ದೆ.

"ಶುಕ್ರವಾರ ಆಪರೇಷನ್ ಇಲ್ಲ," ಎಂದೆ.

ಪುಟ್ಟಲಕ್ಷ್ಮಮ್ಮ ಎದ್ದರು. "ಇಲ್ದಿದ್ರೆ ಬೇಡ ಬಿಡಿ. ಇನ್ನು ಈ ಕಡೆ ತಲೆ ಹಾಕಲ್ಲ," ಎಂದು ಚೀಲ ತೆಗೆದುಕೊಂಡು ಹೊರಟೇಬಿಟ್ಟರು.

ಬೆಂಚಿನಲ್ಲಿ ಒಂಬತ್ತು ಜನ ಕಾಯುತ್ತಿದ್ದರು. ಒಂದು ಬುಧವಾರವೂ ತಪ್ಪದ ಕ್ರಮ. ಆದರೂ, "ಸಿಸ್ಟರ್, ಇವರನ್ನೆಲ್ಲ ಕೂರಿಸಿ," ಎಂದು ಕುಂಟುತ್ತ ಬಸ್ ನಿಲ್ದಾಣಕ್ಕೆ ಹೊರಟೆ.

ವಿಜಯಪುರದ ಬಸ್ಸು ಹೊರಡುವುದರಲ್ಲಿತ್ತು. ನಾನೂ ಹತ್ತಿದೆ. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳ ಶಿಫ್ಟ್ ಬಿಟ್ಟ ಹೊತ್ತು, ನಿಲ್ಲಲೂ ಎಡೆಯಿಲ್ಲ. ಕಂಡಕ್ಟರು ಪುಟ್ಟಲಕ್ಷ್ಮಮ್ಮನವರನ್ನು ಕಂಡದ್ದೇ ತಡ, "ಏಯ್ ಗುರು, ಏಳಪ್ಪಾ ಮೇಲೆ! ತುಂಬಿದ ಬಸುರಿ ನಿಂತವ್ರೆ, ಕಾಣಲ್ವಾ?" ಎಂದು ಒಬ್ಬನನ್ನು ಎಬ್ಬಿಸಿದ. ಪುಟ್ಟಲಕ್ಷ್ಮಮ್ಮ ಯಾವ ಸಂಕೋಚವೂ ಇಲ್ಲದೆ, ಸೊಂಟಕ್ಕೆ ಒಂದು ಕೈ ಕೊಟ್ಟು, ಉಸ್ಸೆಂದು ಕೂತರು. ಎಷ್ಟೋ ವರ್ಷದ ಅಭ್ಯಾಸವೆಂದು ನೋಡಿದರೇ ತಿಳಿಯುತ್ತಿತ್ತು.

ಕಂಡಕ್ಟರು ಅವರ ಪಕ್ಕ ನಿಂತ ನನ್ನ ಕಡೆ ನೋಡಿದ. ನನ್ನ ಬಿಳಿ ತಲೆ ನೋಡಿದ. ಅವರ ಹೊಟ್ಟೆ ನೋಡಿದ. "ಯಜಮಾನ್ರೇ, ಈ ವಯಸ್ಸಲ್ಲಿ..." ಎಂದು ಅರ್ಧಕ್ಕೆ ನಿಲ್ಲಿಸಿದ.

"ರೀ, ನಾನು ಡಾಕ್ಟರು!"

"ಡಾಕ್ಟ್ರಾದ್ಮೇಲೆ ನಿಮ್ಗೇ ಗೊತ್ತಿರ್ಬೇಕಿತ್ತಲ್ಲ ಸಾರ್," ಎಂದು ಟಿಕೆಟ್ ಹರಿದುಕೊಟ್ಟು ಮುಂದೆ ಹೋದ.

ಪುಟ್ಟಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಹೊಟ್ಟೆ ಕುಲುಕುವಷ್ಟು ನಕ್ಕು, ನಗುತ್ತಲೇ ಕಣ್ಣೊರೆಸಿಕೊಂಡರು. ದೇವನಹಳ್ಳಿ ದಾಟುವವರೆಗೆ ನಾನು ಕಂಬಿ ಹಿಡಿದು ನಿಂತು ಅವರ ಮಾತು ಕೇಳಿದೆ.

"ಹೋದ್ ಸಲ ನೀವು ನನ್ನ ಏನೂ ಕೇಳ್ಲಿಲ್ಲ, ಹೊಲಿದ್ಬಿಟ್ರಿ. ಈ ಸಲ ತೂಕ ಮಾತ್ರ ಕೇಳಿದ್ರಿ. ಹೇಗೆ ಇಳಿಸ್ತೀಯಮ್ಮ ಅಂತ ಒಂದ್ ದಿನ ಕೇಳಿದ್ರಾ? ಬೇಸಿನ್ ಮುಂದೆ ಕೂತಿದ್ರೆ ಬೆಳಿಗ್ಗೆಯಿಂದ ಸಂಜೆವರ್ಗೂ ಎರಡು ಕೈನೂ ನೀರಲ್ಲಿರ್ತವೆ ಸಾರ್, ಬಾಯಿಗೆ ಏನಾದ್ರೂ ಹಾಕ್ಕೊಳ್ಳೋಣ ಅಂದ್ರೂ ಆಗಲ್ಲ. ಆರಿಸೋ ಕೆಲ್ಸಕ್ಕೆ ಒಂದ್ ಕೈ ಸಾಕು. ಇನ್ನೊಂದ್ ಕೈ ಏನ್ ಮಾಡ್ಬೇಕು? ಕಡ್ಲೆಕಾಯಿ, ಚಕ್ಲಿ, ಆ ಮನೆ ಕಾಫಿ, ಈ ಮನೆ ಕಾಫಿ. ನೀವು ಕೊಟ್ಟ ಹಾಳೇಲಿ ಅನ್ನ ಕಮ್ಮಿ ಮಾಡಿ ಅಂತಿತ್ತು, ಮಾಡಿದೀನಿ. ಚಕ್ಲಿ ಅಂತ ಎಲ್ಲಿ ಬರ್ದಿತ್ತು?"

ಚಕ್ಕುಲಿ ಎಂದು ಬರೆದಿರಲಿಲ್ಲ. ಆ ಹಾಳೆಯನ್ನು ಬರೆದವನೂ ನಾನೇ. "ಸುತ್ತಳತೆ ನಾನು ಓದಬೇಕಿತ್ತು, ಓದಲಿಲ್ಲ. ನನ್ನದೇ ತಪ್ಪು. ವಾಪಸ್ ಬನ್ನಿ," ಎಂದೆ. ಡಾಕ್ಟರೊಬ್ಬ ತುಂಬಿದ ಬಸ್ಸಿನಲ್ಲಿ ತಪ್ಪೊಪ್ಪಿಕೊಂಡರೆ ಸುತ್ತಲಿನವರು ಬೇರೆಯದೇ ಅರ್ಥ ಮಾಡಿಕೊಳ್ಳುತ್ತಾರೆ. ಮುಂದಿನ ಸೀಟಿನ ಅಜ್ಜಿಯೊಬ್ಬರು, "ಹೋಗವ್ವ, ಅಷ್ಟ್ ಕೇಳ್ಕೊತಾವ್ರೆ," ಎಂದು ಪುಟ್ಟಲಕ್ಷ್ಮಮ್ಮನವರಿಗೆ ಬುದ್ಧಿ ಹೇಳಿದರು.

ಅವರು ವಾಪಸ್ ಬಂದರು. ಆದರೆ ಎರಡನೆಯ ಕೈಗೆ ಕೆಲಸ ಹುಡುಕಿದ್ದು ನಾನಲ್ಲ, ರೋಸಮ್ಮ. ಆಪರೇಷನ್ ಥಿಯೇಟರಿನ ಪಕ್ಕದಲ್ಲಿ, ಗಾಯಕ್ಕೆ ಇಡುವ ಗಾಜ್ ಬಟ್ಟೆ ಮಡಿಸುವ ಕೋಣೆಯಿತ್ತು. ಅಲ್ಲಿ ಎರಡು ಕೈಗೂ ಗ್ಲೌಸ್, ತಲೆಗೆ ಟೋಪಿ, ಬಾಯಿಗೆ ಮಾಸ್ಕ್. ತಿಂಡಿ ತೀರ್ಥ ಹೊಸ್ತಿಲಾಚೆ. ಪುಟ್ಟಲಕ್ಷ್ಮಮ್ಮನವರನ್ನು ತಮ್ಮ ಕ್ವಾರ್ಟರ್ಸಿನಲ್ಲೇ ಇರಿಸಿಕೊಂಡು, ಬೆಳಿಗ್ಗೆ ಎಂಟಕ್ಕೆ ಅಲ್ಲಿ ಕೂರಿಸಿ ಮಾಸ್ಕ್ ಕಟ್ಟಿದರೆ ಮಧ್ಯಾಹ್ನ ಒಂದಕ್ಕೆ ಬಿಚ್ಚುತ್ತಿದ್ದರು. ಸಂಜೆ ಇಬ್ಬರೂ ರೈಲ್ವೆ ಸ್ಟೇಷನ್ನಿನವರೆಗೆ ನಡಿಗೆ. ಬಂದ ಮೇಲೆ ಉಸಿರಿನ ವ್ಯಾಯಾಮಕ್ಕೆ ನೀರಿನ ಬಾಟಲಿಯಲ್ಲಿ ಗುಳ್ಳೆ ಊದುವುದು. ಎಳೆ ಹಿಡಿದು ಪಳಗಿದ ಆ ಬೆರಳುಗಳು ಗಾಜ್ ಮಡಿಸುವ ವೇಗಕ್ಕೆ ನಮ್ಮ ಸಿಬ್ಬಂದಿಯೇ ನಾಚಿಕೊಂಡರು.

ಈಗ ಮೊದಲು ಪರೀಕ್ಷೆ, ಆಮೇಲೆ ತೂಕ. ಗೆರೆ ಕೆಟ್ಟದಾಗಿ ಬಂತು. ಒಂದು ವಾರ ಇಳಿಯಿತು, ಒಂದು ವಾರ ನಿಂತಿತು, ರೋಸಮ್ಮನವರ ಅಕ್ಕನ ಮಗಳ ಮದುವೆಗೆ ಇಬ್ಬರೂ ಹೊಸಕೋಟೆಗೆ ಹೋಗಿ ಬಂದ ವಾರ ಏರಿತು. ಹತ್ತು ವಾರಕ್ಕೆ ಐದೂಮುಕ್ಕಾಲು ಕಿಲೋ. ಟೇಪಿನಲ್ಲಿ ನಾಲ್ಕು ಬೆರಳು. ಆ ಸೊಟ್ಟ ಗೆರೆಯನ್ನು ನಾನು ನಂಬಿದೆ. ಮನುಷ್ಯರ ಮೈಯಿಂದ ಬರುವ ಗೆರೆ ಸೊಟ್ಟಗೇ ಇರುತ್ತದೆ. ಸ್ಕೇಲ್ ಹಿಡಿದ ಹಾಗೆ ಬಂದರೆ ಎಲ್ಲೋ ಕಬ್ಬಿಣವಿದೆ ಎಂದು ತಿಳಿಯಿರಿ.

ಎಂಟು ಕಿಲೋ ಎಂದಿದ್ದವನು ಐದೂಮುಕ್ಕಾಲಿಗೆ ಯಾಕೆ ಒಪ್ಪಿದೆ ಎಂದು ಕೇಳಬಹುದು. ಈಗ ನೋಡಿದ್ದು ಅಂಕಿಯನ್ನಲ್ಲ. ಮಲಗಿಸಿ ಉಬ್ಬನ್ನು ಮೆಲ್ಲಗೆ ಒತ್ತಿದರೆ ಮುಕ್ಕಾಲು ಕರುಳು ಒಳಗೆ ಹೋಗುತ್ತಿತ್ತು, ಹೋದ ಮೇಲೂ ಅವರು ಉಸಿರು ಕಟ್ಟದೆ ಮಾತಾಡುತ್ತಿದ್ದರು. ಮಾತಂತೂ ನಿಲ್ಲಿಸುತ್ತಿರಲಿಲ್ಲ.

ಆಪರೇಷನ್ನಿಗೆ ನಾಲ್ಕು ವಾರ ಮೊದಲು ಹೊಟ್ಟೆಯ ಎರಡೂ ಪಕ್ಕದ ಸ್ನಾಯುಗಳಿಗೆ ಸ್ಕ್ಯಾನ್ ನೋಡಿಕೊಂಡು ಇಂಜೆಕ್ಷನ್ ಕೊಟ್ಟೆ. ಬಿಗಿದ ಸ್ನಾಯುವನ್ನು ಕೆಲವು ತಿಂಗಳು ಸಡಿಲಗೊಳಿಸಿ ಉದ್ದ ಮಾಡುವ ಮದ್ದು. ನನ್ನ ಕೊನೆಯ ವರ್ಷಗಳಲ್ಲಿ ಬಂದ ವಿಧಾನ. ಸಿನಿಮಾದವರು ಮುಖದ ಸುಕ್ಕು ಹೋಗಲೆಂದು ಹಾಕಿಸಿಕೊಳ್ಳುವುದೂ ಇದೇ ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಪುಟ್ಟಲಕ್ಷ್ಮಮ್ಮ ಮಲಗಿದ್ದಲ್ಲಿಂದಲೇ ತಲೆ ಎತ್ತಿ, "ಉಳಿದ್ರೆ ಒಂಚೂರು ಇಲ್ಲೂ ಹಾಕಿ ಸಾರ್," ಎಂದು ಹಣೆ ತೋರಿಸಿದರು. "ನನಗೂ," ಎಂದರು ರೋಸಮ್ಮ.

ಆಪರೇಷನ್ ದಿನ ಅ‍ರಿವಳಿಕೆಗೆ ಡಾಕ್ಟರ್ ನಜೀರ್ ಇದ್ದರು. ಉಸಿರಾಟದ ಯಂತ್ರದ ಒತ್ತಡವನ್ನು ಕ್ರಿಕೆಟ್ ಸ್ಕೋರಿನಂತೆ ಹೇಳುವುದು ಅವರ ಅಭ್ಯಾಸ. ಶುರುವಿನಲ್ಲಿ, "ಹದಿನೆಂಟು, ವಿಕೆಟ್ ನಷ್ಟವಿಲ್ಲದೆ," ಎಂದರು. ಹೊಟ್ಟೆ ಮುಚ್ಚಿದಾಗ ಇದು ಆರಕ್ಕಿಂತ ಹೆಚ್ಚು ಏರಿದರೆ ಬಿಚ್ಚಲೇಬೇಕೆಂಬುದು ನಮ್ಮಿಬ್ಬರ ಕಟ್ಟಳೆ.

ಹೊಟ್ಟೆಯ ಗೋಡೆಯಲ್ಲಿ ನಡುವೆ ಎರಡು ಉದ್ದ ಪಟ್ಟಿ ಸ್ನಾಯು, ಪಕ್ಕಗಳಲ್ಲಿ ಒಂದರ ಮೇಲೊಂದು ಮೂರು ಪದರ. ಪಟ್ಟಿಯ ಹಿಂದಿನ ಪೊರೆಯನ್ನು ಬಿಡಿಸಿ, ಅಂಚಿನ ನರಗಳಿಗೆ ಪೆಟ್ಟಾಗದಂತೆ ಪಕ್ಕಕ್ಕೆ ಸಾಗಿ, ಎಲ್ಲಕ್ಕಿಂತ ಒಳಗಿನ ಪದರವನ್ನು ಕತ್ತರಿಸಿ ಬಿಟ್ಟರೆ ಗೋಡೆ ನಡುವಿನ ಕಡೆಗೆ ಸರಿಯುತ್ತದೆ. ಬಲಗಡೆ ಹಾಗೆ ಬಿಡಿಸಿದೆ. ಎಡಗಡೆ ಸಡಿಲವಾಗಿಯೇ ಇದೆ ಅನ್ನಿಸಿತು. ಎರಡೂ ಅಂಚು ಹಿಡಿದು ಕೂಡಿಸಿ ನೋಡಿದೆ. ನಡುವೆ ಎರಡು ಬೆರಳು ಉಳಿಯಿತು.

ಎರಡೇ ಬೆರಳು. ನನ್ನ ಕೈ ತಾನಾಗಿ ಜಗ್ಗಿತು. ಅಂಚುಗಳು ಕೂಡಿದವು. ಪ್ರೊಫೆಸರು ಇದ್ದಿದ್ದರೆ "ಕಟ್ಟು" ಎನ್ನುತ್ತಿದ್ದರು.

"ಇಪ್ಪತ್ತೇಳು," ಎಂದರು ನಜೀರ್. ವಿಕೆಟ್ಟಿನ ಮಾತು ಸೇರಿಸಲಿಲ್ಲ.

ಕೈ ಬಿಟ್ಟೆ. ಗಾಜ್ ಕೋಣೆಯಲ್ಲಿ ಒಂದು ದಿನ, ಎಳೆ ಕಡಿಯದ ಹಾಗೆ ಹೇಗೆ ತೆಗೆಯುತ್ತೀರಿ ಎಂದು ಪುಟ್ಟಲಕ್ಷ್ಮಮ್ಮನವರನ್ನು ಕೇಳಿದ್ದೆ. "ನಾನೆಲ್ ತೆಗೀತೀನಿ ಸಾರ್? ಗೂಡು ನೀರಲ್ಲಿ ನೆಂದು ಅಂಟು ಬಿಟ್ರೆ ತಾನಾಗೇ ಬರುತ್ತೆ. ಬರದೇ ಇದ್ರೆ ಇನ್ನೂ ನೆನೆದಿಲ್ಲ ಅಂತ. ಜಗ್ಗೋರ್ ಕೈಗೆ ನಾವು ಬೇಸಿನ್ ಕೊಡಲ್ಲ," ಎಂದಿದ್ದರು. ಮಾಸ್ಕಿನ ಹಿಂದಿನಿಂದ.

ಎಡಗಡೆಯನ್ನೂ ಬಿಡಿಸಲು ಇನ್ನೊಂದೂಕಾಲು ಗಂಟೆ ಹಿಡಿಯಿತು. ಆಮೇಲೆ ಅಂಚುಗಳನ್ನು ಬೆರಳ ತುದಿಯಲ್ಲಿ ಕರೆದೆ. ಬಂದವು. ಹಿಂದಿನ ಪೊರೆ ಹೊಲಿದು, ಅದರ ಮೇಲೆ ವೆಂಕಟೇಶಪ್ಪ ಹೇಳಿದಂತೆ ಗಟ್ಟಿ ಬಟ್ಟೆ ಸಿಗುವವರೆಗೂ ಜಾಲರಿ ಹಾಸಿ, ಅದರ ಮೇಲೆ ಸ್ನಾಯುವನ್ನು ಸಣ್ಣ ಸಣ್ಣ ಕಚ್ಚಿನಲ್ಲಿ, ಬಿಗಿಯದೆ, ಕೂಡಿಸಿದೆ.

"ಇಪ್ಪತ್ತೆರಡು," ಎಂದರು ನಜೀರ್. "ಇನ್ನಿಂಗ್ಸ್ ಡಿಕ್ಲೇರ್ ಮಾಡ್ಬಹುದು."

ಮೂರನೆಯ ದಿನ ಪುಟ್ಟಲಕ್ಷ್ಮಮ್ಮ ವಾರ್ಡಿನಲ್ಲಿ ನಡೆದರು. ಹತ್ತನೆಯ ದಿನ ಮನೆಗೆ. ನಾಲ್ಕು ತಿಂಗಳಾದ ಮೇಲೆ ಒಂದು ಬುಧವಾರ ತಪಾಸಣೆಗೆ ಬಂದರು. ಬಾಗಿಲಲ್ಲಿ ಮೊದಲು ಮುಖ ಬಂತು. ಮುಖ ಸಿಟ್ಟಿನಲ್ಲಿತ್ತು.

"ಏನಾಯ್ತಮ್ಮ? ನೋವಾ?"

"ಕಾಲ್ ನೋವು."

"ಕಾಲಾ? ಯಾಕೆ?"

"ಯಾಕೆ ಅಂತೀರಲ್ಲ! ಬಸ್ಸಲ್ಲಿ ಒಬ್ರಾದ್ರೂ ಸೀಟ್ ಕೊಟ್ರಾ? ಆರ್ ವರ್ಷದಿಂದ ಒಂದಿನ ನಿಂತೋಳಲ್ಲ ನಾನು. ಅದೇ ಕಂಡಕ್ಟ್ರು, ಗುರ್ತು ಹಿಡ್ದು, 'ಏನಮ್ಮ, ಗಂಡೋ ಹೆಣ್ಣೋ?' ಅಂದ. ಸೀಟ್ ಮಾತ್ರ ಕೊಡ್ಲಿಲ್ಲ."

"ನೀವೇನಂದ್ರಿ?"

"ಡಾಕ್ಟ್ರನ್ನೇ ಕೇಳಿ ಅಂದೆ."

ಪರೀಕ್ಷೆ ಮಾಡಿದೆ. ಗೋಡೆ ಗಟ್ಟಿಯಾಗಿತ್ತು. ಕೆಮ್ಮಿ ಎಂದೆ. ಕೆಮ್ಮಿದರು. ಏನೂ ಉಬ್ಬಲಿಲ್ಲ. ಟೇಪು ಸುತ್ತುವಾಗ ಅವರು ಎರಡೂ ಕೈ ಮೇಲೆತ್ತಿದರು, ಆಗ ನೋಡಿದೆ. ಹತ್ತೂ ಬೆರಳ ತುದಿಗಳು ಬೆಳ್ಳಗೆ, ನೀರಲ್ಲಿ ನೆಂದು ನೆಂದು ಸುಕ್ಕುಗಟ್ಟಿದ್ದವು.

"ಎಂದಿನಿಂದ?" ಎಂದೆ.

"ಹೋದ್ ಸೋಮವಾರದಿಂದ. ಮೊದಲನೇ ಬೇಸಿನ್ನೇ ಕೊಟ್ಟವ್ರೆ." ಕೈಗಳನ್ನು ತಿರುಗಿಸಿ ತಾವೂ ಒಮ್ಮೆ ನೋಡಿಕೊಂಡು, "ಇದಕ್ಕೆ ಆ ಸಿನಿಮಾದೋರ್ ಇಂಜೆಕ್ಷನ್ ಬೇಡ ಸಾರ್," ಎಂದರು.

ಕೆಂಪು ಗೆರೆಯ ಪುಸ್ತಕ ತೆರೆದೆ. ತೂಕ ಬರೆದೆ, ಸುತ್ತಳತೆ ಬರೆದೆ, ಎರಡನ್ನೂ ಓದಿದೆ. ಕೊನೆಯ ಕಾಲಂ ಫಲಿತಾಂಶದ್ದು. "ಗುಣವಾಗಿದೆ" ಎಂದೋ "ಮರುಕಳಿಸಿಲ್ಲ" ಎಂದೋ ಬರೆಯುವುದು ನನ್ನ ಕ್ರಮ. ಅಂದು "ವಿಜಯಪುರದಿಂದ ನಿಂತೇ ಬಂದರು" ಎಂದು ಬರೆದೆ. ರೋಸಮ್ಮ ಭುಜದ ಮೇಲಿಂದ ಬಗ್ಗಿ ಓದಿ, "ಇದು ರೂಲ್ಸ್ ಪ್ರಕಾರ ಇಲ್ಲ ಡಾಕ್ಟ್ರೇ," ಎಂದರು. ಅಳಿಸಲು ರಬ್ಬರ್ ಮಾತ್ರ ಕೊಡಲಿಲ್ಲ.